ಗೇರಿನ ನಡುಕ

ಮೋಟಾರಿನ ಶಾಸ್ತ್ರದಲ್ಲಿ ನಾನು ಪಂಡಿತನಲ್ಲ. ಕಾಲೇಜಿನ ಹುಡುಗರಿಗೆ ಕನ್ನಡ ಹೇಳಿಕೊಡುವವನು; ಮಾತ್ರೆ ಎಣಿಸುವುದು, ಗಣ ಬಿಡಿಸುವುದು ನನ್ನ ಕಸುಬು. ಆದರೂ ಗೇರಿನ ರಾಡು ಏಕೆ ನಡುಗುತ್ತದೆ ಎಂಬ ವಿಷಯದಲ್ಲಿ ನಾಲ್ಕು ಮಾತು ಬರೆಯುವ ಅಧಿಕಾರ ನನಗುಂಟೆಂದು ತಿಳಿದಿದ್ದೇನೆ. ಅದು ಹೇಗೆ ಬಂತೆಂಬುದನ್ನು ಕೇಳಿದ ಮೇಲೆ ವಾಚಕರು ನನ್ನನ್ನು ಬೈದರೂ ಬೇಸರವಿಲ್ಲ.

ನಮ್ಮೂರು ಕೋಟುಮಚಗಿ. ಗದಗಿನಿಂದ ನರೇಗಲ್ಲಿನ ಕಡೆಗೆ ಹೋಗುವಾಗ ಎರಿಹೊಲಗಳ ನಡುವೆ ಸಿಗುತ್ತದೆ. ಸಾವಿರ ವರ್ಷಗಳ ಹಿಂದೆ ಇದು ಉಮ್ಮಚಿಗೆ ಎಂಬ ಅಗ್ರಹಾರ. ಐದನೆಯ ವಿಕ್ರಮಾದಿತ್ಯನ ಕಾಲದ, 1012ರ ಶಾಸನವೊಂದು ಇಲ್ಲಿಯದು. ವಿದ್ಯೆ ಕಲಿಸುವವರಿಗೆ ಭೂಮಿ ಬಿಟ್ಟ ಮಾತು ಅದರಲ್ಲಿದೆ. ಆ ಭೂಮಿ ನಮ್ಮ ಮನೆತನಕ್ಕೇನೂ ಬಂದಂತಿಲ್ಲ. ನನ್ನನ್ನು ಓದಿಸಿದ್ದು ಅಣ್ಣನ ಟ್ರ್ಯಾಕ್ಸ್.

1996ರಿಂದ 2009ರ ತನಕ ಅಣ್ಣ ಊರಿಗೂ ಗದಗಿಗೂ ಆ ಗಾಡಿ ಹೊಡೆದ. ಹತ್ತು ಮಂದಿ ಕೂಡುವಲ್ಲಿ ಹದಿನೆಂಟು ಮಂದಿ. ಮೇಲೆ ಕಡಲೆಯ ಚೀಲ, ಒಳಗೆ ಕೋಳಿ, ಕೂಸು, ಮದುವೆಯ ಟ್ರಂಕು. ಮನೆಯವನೆಂಬ ಕಾರಣಕ್ಕೆ ಎಲ್ಲಕ್ಕಿಂತ ಕೆಟ್ಟ ಜಾಗ ನನಗೆ ಮೀಸಲು: ಗೇರಿನ ಮಗ್ಗುಲು. ರಾಡಿನ ಆಚೆಗೊಂದು ಕಾಲು, ಈಚೆಗೊಂದು ಕಾಲು. ಎರಡನೆಯ ಗೇರು ಹಾಕಬೇಕಾದಾಗ ಅಣ್ಣ ರಸ್ತೆಯ ಮೇಲಿನ ಕಣ್ಣು ತೆಗೆಯದೆಯೇ “ಕಾಲ್ ಸರಿಸೋ” ಎನ್ನುತ್ತಿದ್ದ. ಆ ರಾಡಿನ ನಡುಕ ಮೊಣಕಾಲಿನ ಮೂಲಕ ನನ್ನ ಪುಸ್ತಕಕ್ಕೂ ಹತ್ತುತ್ತಿತ್ತು. ಹಳಗನ್ನಡದ ವ್ಯಾಕರಣವನ್ನು ನಾನು ಕಲಿತದ್ದೇ ಅಕ್ಷರಗಳು ಕುಣಿಯುವ ಪುಟಗಳ ಮೇಲೆ. 2001ರಲ್ಲಿ ಧಾರವಾಡದಲ್ಲಿ ಎಂ.ಎ. ಮುಗಿಯಿತು, ಒಂದು ಕಂತಿನ ಫೀಸಿಗೂ ಅಣ್ಣ ತಡ ಮಾಡಲಿಲ್ಲ.

ನಾನು ಗಮನಿಸಿದ್ದೆಂದರೆ, ಗೇರು ಬದಲಿಸಿದ ಮೇಲೂ ಅಣ್ಣನ ಎಡಗೈ ಒಂದು ಕ್ಷಣ ಆ ಗುಂಡಿನ ಮೇಲೆಯೇ ಇರುತ್ತಿತ್ತು. ಹಿಡಿಯುವುದಲ್ಲ, ಬರಿದೆ ಅಂಗೈ ಇಡುವುದು. ಜ್ವರ ಬಂದ ಕೂಸಿನ ಹಣೆಯ ಮೇಲೆ ತಾಯಿ ಇಡುವ ಹಾಗೆ. ರೂಢಿಯಿರಬೇಕೆಂದು ತಿಳಿದಿದ್ದೆ.

ಇಷ್ಟು ಹೇಳಿದ ಮೇಲೆ ಕೊಂಚ ಶಾಸ್ತ್ರವನ್ನೂ ಹೇಳಬೇಕು. ಈಗಿನ ಸಣ್ಣ ಕಾರುಗಳಲ್ಲಿ, 1983ರಲ್ಲಿ ಬಂದ ಮಾರುತಿ 800ರಿಂದ ಮೊದಲುಗೊಂಡು, ಎಂಜಿನ್ನೂ ಗೇರ್‌ಬಾಕ್ಸೂ ಮುಂದೆ ಅಡ್ಡಲಾಗಿ ಕುಳಿತು ಮುಂದಿನ ಗಾಲಿಗಳನ್ನೇ ತಿರುಗಿಸುತ್ತವೆ. ಚಾಲಕನ ಕೈಯಲ್ಲಿರುವ ರಾಡಿಗೂ ಗೇರ್‌ಬಾಕ್ಸಿಗೂ ನಡುವೆ ಸರಳೋ ತಂತಿಯೋ ಇದ್ದು ಸುದ್ದಿ ಒಯ್ಯುತ್ತದೆ. ದೂರದ ನೆಂಟಸ್ತಿಕೆ; ಅಲ್ಲಿಯ ಜಗಳ ಇಲ್ಲಿಗೆ ಅಷ್ಟಾಗಿ ಮುಟ್ಟುವುದಿಲ್ಲ. ಹಿಂದಿನ ಗಾಲಿಯಿಂದ ಓಡುವ ಜೀಪು, ಟ್ರ್ಯಾಕ್ಸ್, ಸುಮೋಗಳ ಮಾತು ಬೇರೆ. ಅವುಗಳ ಗೇರ್‌ಬಾಕ್ಸು ಉದ್ದಕ್ಕೆ, ಚಾಲಕನ ಕಾಲ ಬಳಿಯಲ್ಲೇ ಮಲಗಿರುತ್ತದೆ. ರಾಡು ನೇರವಾಗಿ ಅದರ ನೆತ್ತಿಯಲ್ಲೇ ನೆಟ್ಟಿರುತ್ತದೆ. ಅದರ ಬೆನ್ನಿಗೆ ಪ್ರೊಪೆಲ್ಲರ್ ಶಾಫ್ಟ್ ಎಂಬ ಉದ್ದನೆಯ ಕೊಳವೆ ತಿರುಗುತ್ತ ಹೋಗಿ ಹಿಂದಿನ ಅಚ್ಚಿಗೆ ಶಕ್ತಿ ಮುಟ್ಟಿಸುತ್ತದೆ. ಎಂಜಿನ್ ಉಸಿರಾಡಿದರೂ ಶಾಫ್ಟು ಹೊರಳಿದರೂ ಎಲ್ಲವೂ ರಾಡಿನ ತುದಿಗೆ ಬಂದೇ ಬರುತ್ತದೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಮೇರಿಕದಲ್ಲಿದ್ದಾನೆ. ಅವನಲ್ಲಿ ಮಜ್ದಾ ಮಿಯಾಟಾ ಎಂಬ ಎರಡೇ ಸೀಟಿನ ಆಟದ ಕಾರುಂಟು. 1989ರಲ್ಲಿ ಮೊದಲು ಬಂದದ್ದು, ಅದೂ ಹಿಂದಿನ ಗಾಲಿಯಿಂದಲೇ ಓಡುವುದು. ಅದರ ರಾಡೂ ಗೇರ್‌ಬಾಕ್ಸಿನ ನೆತ್ತಿಯಿಂದಲೇ ಎದ್ದಿದೆಯಂತೆ. ಗೇರ್‌ಬಾಕ್ಸನ್ನೂ ಹಿಂದಿನ ಡಿಫರೆನ್ಷಿಯಲ್ಲನ್ನೂ ಒಂದು ಅಲ್ಯೂಮಿನಿಯಂ ತೊಲೆ ಬಿಗಿದು ಹಿಡಿದಿದೆಯಂತೆ. ಅಲ್ಲಿಯ ಶೋಕೀಲಾಲರು ಮೆತ್ತನೆಯ ರಬ್ಬರು ತೆಗೆಸಿ ಗಟ್ಟಿ ರಬ್ಬರು ಹಾಕಿಸುತ್ತಾರೆಂದೂ, ನಡುಕ ಹೆಚ್ಚಾದರೂ ಚಿಂತೆಯಿಲ್ಲ, ಗಾಡಿಯ ಜೀವ ಕೈಗೆ ತಿಳಿಯಬೇಕೆಂಬುದು ಅವರ ಮತವೆಂದೂ ಹೇಳಿದ. ನಡುಕ ಕೊಳ್ಳಲು ರೊಕ್ಕ ಕೊಡುವ ದೇಶವೂ ಉಂಟೇ ಎಂದು ನಾನು ನಕ್ಕೆ. ನಗಬಾರದಿತ್ತು.

ಅಣ್ಣ ಟ್ರ್ಯಾಕ್ಸ್ ಮಾರಿ ಹೊಲ ಹಿಡಿದ. ಕೆಲವು ವರ್ಷಗಳ ಮೇಲೆ ನಾನು ಗದಗಿನ ಕಾಲೇಜಿಗೆ ಓಡಾಡಲು ಹಳೆಯ ಜೀಪೊಂದನ್ನು ಕೊಂಡೆ. 2017ರ ಬೇಸಿಗೆಯಲ್ಲಿ ಅದರ ಗೇರಿನ ರಾಡು ನಡುಗತೊಡಗಿತು. ಐವತ್ತು ಕಿಲೋಮೀಟರು ವೇಗ ದಾಟಿದರೆ ಸಾಕು, ಗುಂಡು ಕೈಯಲ್ಲಿ ಜುಮುಗುಡುವುದು. ನನ್ನ ಕಿವಿಗೆ ಅದು ಮೂರು-ನಾಲ್ಕು, ಮೂರು-ನಾಲ್ಕು ಎಂದು ಕೇಳಿಸಿತು. ಕುಮಾರವ್ಯಾಸನ ಊರಿನ ದಾರಿಯಲ್ಲಿ ಜೀಪಿಗೂ ಭಾಮಿನಿ ಷಟ್ಪದಿ ಬಂತಲ್ಲ ಎಂದು ತರಗತಿಯಲ್ಲಿ ಹೇಳಿ ಹುಡುಗರನ್ನು ನಗಿಸಿದೆ. ಒಬ್ಬ ಮೇಸ್ತ್ರಿಗೆ ತೋರಿಸಿದ್ದಾಯಿತು. “ಹಳೇ ಗಾಡಿ ಸರ್, ನಡಗೂದ” ಎಂದ. ನನಗೆ ಬೇಕಾದ ಉತ್ತರವೂ ಅದೇ. ಗುಂಡಿಗೆ ದಪ್ಪ ರಬ್ಬರಿನ ಟೋಪಿ ಹಾಕಿ, ರಾಡಿನ ಬುಡಕ್ಕೆ ಹಳೆಯ ಕಂಬಳಿಯ ಚೂರು ತುರುಕಿದೆ. ನಡುಕ ಅಡಗಿತು. ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ.

ಒಂದು ದಿನ ಅಣ್ಣ ಮಗ್ಗುಲಲ್ಲಿ ಕುಳಿತಿದ್ದ. ಹಳೆಯ ರೂಢಿಯಂತೆ ಗುಂಡಿನ ಮೇಲೆ ಕೈಯಿಟ್ಟ. ಟೋಪಿಯನ್ನು ಕಿತ್ತು ಮತ್ತೆ ಇಟ್ಟ.

“ತಮ್ಮಾ, ಕ್ಲಚ್ ಒತ್ತಿ ಹಂಗ ಬಿಡು.”

ಒತ್ತಿದೆ. ಎಂಜಿನ್ನಿನ ಸದ್ದು ಇಳಿಯಿತು. ಗಾಡಿ ತನ್ನ ವೇಗದಲ್ಲೇ ಉರುಳುತ್ತಿತ್ತು.

“ಇನ್ನೂ ನಡಗಾಕತ್ತೇತಿ, ನೋಡು. ಎಂಜಿನ್ನಿಂದಲ್ಲ, ಗೇರಿಂದೂ ಅಲ್ಲ. ಹಿಂದ ಕ್ರಾಸ್ ಹೋಗೇತಿ. ನಿಂತಾಗ ನಡಗಿದ್ರ ಮೌಂಟಿಂಗಿನ ರಬ್ಬರು, ಎಕ್ಸಲೇಟರ್ ತುಳಿದಾಗಷ್ಟ ನಡಗಿದ್ರ ರಾಡಿನ ಬುಷ್ಶು, ಹಿಂಗ ಉರುಳುವಾಗೂ ನಡಗಿದ್ರ ತೆಳಗಿಂದು.”

ಪರೀಕ್ಷೆಗಳು ಮುಗಿಯಲಿ, ಮಾಡಿಸುತ್ತೇನೆ ಎಂದೆ. ಮೇಸ್ತ್ರಿ ಏನೂ ಇಲ್ಲ ಎಂದಿದ್ದನ್ನೂ ಹೇಳಿದೆ. ಎಂ.ಎ. ಆದವನ ದನಿಯಲ್ಲಿ ಹೇಳಿದೆನೆಂದು ತೋರುತ್ತದೆ. ಅಣ್ಣ ಮತ್ತೆ ಮಾತಾಡಲಿಲ್ಲ.

ಅಣ್ಣನ ಮಗಳು ಆಗ ಬಿ.ಎಸ್ಸಿ. ಓದುತ್ತಿದ್ದಳು. ಗಣಿತದ ಪರೀಕ್ಷೆಯ ದಿನ ಅವಳು ಮುಂಜಾನೆಯ ಬಸ್ಸಿಗೆ ಹೊರಟು ನಿಂತಿದ್ದವಳನ್ನು ನಾನೇ ತಡೆದೆ. “ಬಸ್ಸಿನ್ಯಾಗ ಯಾಕ ಜೋತಾಡ್ತಿ, ಜೀಪ್ ಐತಲ್ಲ” ಎಂದೆ. ಊರು ದಾಟಿ ಬಹಳ ದೂರ ಹೋಗಿರಲಿಲ್ಲ, ಕಾಲಡಿಯಲ್ಲಿ ಬಡಿಗೆಯಿಂದ ಹೊಡೆದಂತೆ ಸದ್ದಾಯಿತು. ಎಂಜಿನ್ ಅರಚಿತು, ಗಾಡಿ ಮಾತ್ರ ಮುಂದೆ ಹೋಗಲೊಲ್ಲದು. ಇಳಿದು ನೋಡಿದರೆ ಶಾಫ್ಟಿನ ಹಿಂದಿನ ತುದಿ ಡಾಂಬರಿನ ಮೇಲೆ ಬಿದ್ದಿತ್ತು. ಮುಂದಿನ ತುದಿ ಬಿದ್ದು ನೆಲಕ್ಕೆ ನಾಟಿದ್ದರೆ ಗಾಡಿ ಮಗುಚುವುದಿತ್ತೆಂದು ಆಮೇಲೆ ತಿಳಿಯಿತು. ಎತ್ತ ನೋಡಿದರೂ ಬಯಲು. ದೂರದಲ್ಲಿ ಗಾಳಿಯಂತ್ರಗಳು ನಿಶ್ಚಿಂತೆಯಿಂದ ತಿರುಗುತ್ತಿದ್ದವು. ಹುಡುಗಿ ಗಡಿಯಾರ ನೋಡಿಕೊಂಡಳೇ ಹೊರತು ಒಂದು ಮಾತೂ ಆಡಲಿಲ್ಲ. ಕಡೆಗೆ ಹಾಲಿನ ಟೆಂಪೊ ಒಂದು ಬಂತು.

ಪರೀಕ್ಷೆಯ ಬಾಗಿಲಿಗೆ ನಾವು ಮುಟ್ಟಿದಾಗ ಗಂಟೆ ಹೊಡೆದು ನಲವತ್ತು ನಿಮಿಷವಾಗಿತ್ತು. ಅರ್ಧ ತಾಸಿನ ಮೇಲೆ ಬಂದವರನ್ನು ಒಳಗೆ ಬಿಡುವ ಹಾಗಿಲ್ಲ. ವಾದಿಸಲು ನನಗೆ ಬಾಯಿ ಬರಲಿಲ್ಲ; ಅದೇ ನಿಯಮ ಹೇಳಿ, ಎದುರಿಗೆ ನಿಂತು ಅಳುವ ಮಕ್ಕಳನ್ನು ನಾನೇ ಎಷ್ಟೋ ಸಲ ಹಿಂದಕ್ಕೆ ಕಳಿಸಿದ್ದೇನೆ. ಅವರೊಂದಿಗೆ ಬಂದವರ ಮುಖವನ್ನು ನೋಡಿದ ನೆನಪು ಮಾತ್ರ ನನಗಿಲ್ಲ.

ಸಂಜೆ ಅಣ್ಣ ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದ. ಮಗಳ ಮಾತು ಎತ್ತಲಿಲ್ಲ. ಗಾಡಿಯ ಕೆಳಗೆ ಮಲಗಿ ಮುರಿದ ಕ್ರಾಸನ್ನು ಹೊರಗೆ ತೆಗೆದ. ಕೂಡುಗುರುತಿನ ಆಕಾರದ, ಅಂಗೈಯಗಲದ ಕಬ್ಬಿಣ. ಅದರ ನಾಲ್ಕು ತುದಿಗೂ ಒಂದೊಂದು ಟೋಪಿ, ಟೋಪಿಯೊಳಗೆ ಸೂಜಿಯಂಥ ಬೇರಿಂಗುಗಳು. ನಮ್ಮದರಲ್ಲಿ ಸೂಜಿಗಳಿರಲಿಲ್ಲ, ಕೆಂಪು ಪುಡಿಯಿತ್ತು. ಶಾಫ್ಟು ಓರೆಯಾಗಿ ತಿರುಗುವಾಗ ಒಂದು ಕ್ರಾಸು ಪ್ರತಿ ಸುತ್ತಿಗೆ ಎರಡು ಸಲ ವೇಗವನ್ನು ಏರಿಸಿ ಇಳಿಸುತ್ತದೆ. ಆ ತಪ್ಪನ್ನು ಇನ್ನೊಂದು ತುದಿಯ ಕ್ರಾಸು ಸರಿದೂಗಿಸುತ್ತದೆ. ಅದಕ್ಕೇ ಬಿಚ್ಚುವ ಮೊದಲು ಅಣ್ಣ ಎರಡೂ ಕಡೆ ಉಳಿಯಿಂದ ಗುರುತು ಹಾಕಿದ್ದ. ಜೋಡಿಸುವಾಗ ಗುರುತಿಗೆ ಗುರುತು ಕೂಡದಿದ್ದರೆ ಹೊಸ ಕ್ರಾಸೂ ನಡುಗುವುದಂತೆ. ಇದನ್ನೆಲ್ಲ ಅವನು ಹೇಳಿದ್ದು ಅಂದೇ. ಮೊದಲೂ ಹೇಳುತ್ತಿದ್ದನೇನೋ, ನಾನು ಕೇಳಿರಲಿಲ್ಲ.

ಕೆಲಸ ಮುಗಿದ ಮೇಲೆ ರಾಡಿನ ಬುಡದಿಂದ ಕಂಬಳಿಯ ಚೂರನ್ನು ಎಳೆದು, ಅದರಿಂದಲೇ ಕೈ ಒರೆಸಿಕೊಂಡ.

ಹುಡುಗಿ ಮರುವರ್ಷ ಆ ಪತ್ರಿಕೆ ಬರೆದು ಪಾಸಾದಳು. ಒಂದು ವರ್ಷ ಹೋದದ್ದು ಹೋಯಿತು. ಈಗ ಅದೇ ಜೀಪನ್ನು ನನಗಿಂತ ಚೆನ್ನಾಗಿ ಹೊಡೆಯುತ್ತಾಳೆ. ಹೋದ ಆದಿತ್ಯವಾರ ಅಂಗಳದಲ್ಲಿ ಗಾಡಿ ನಿಲ್ಲಿಸಿದವಳು ಎಂಜಿನ್ ಆರಿಸದೆ, ಗುಂಡಿನ ಮೇಲೆ ಅಂಗೈ ಇಟ್ಟು ಕುಳಿತಿದ್ದಳು.

“ಕಾಕಾ, ನಿಂತಾಗ ನಡಗತೇತಿ. ಓಡುವಾಗ ಇಲ್ಲ.”

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅಣ್ಣನ ದನಿ ಬಂತು: “ಮೌಂಟಿಂಗಿನ ರಬ್ಬರು. ನಾಳೆ ಗದಗಿಗೆ ಹೋದಾಗ ತರ್ರಿ, ಮರೀಬ್ಯಾಡ್ರಿ.”