ಆರಿದ ಬೆಂಕಿಯ ನಾಡಿನಲ್ಲಿ

ಮಹಾರಾಷ್ಟ್ರದಲ್ಲಿ ಬಿಸಿನೀರಿನ ಬುಗ್ಗೆ ನೋಡಬೇಕೆಂದರೆ ವಜ್ರೇಶ್ವರಿಗೋ ಗಣೇಶಪುರಿಗೋ ಹೋಗಬೇಕು. ನಾಸಿಕದಿಂದ ಛತ್ರಪತಿ ಸಂಭಾಜಿನಗರದತ್ತ ಹೊರಟರೆ ಸಿಗುವುದು ಆರಿದ ಬೆಂಕಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾ ಪದರಪದರವಾಗಿ ಹೆಪ್ಪುಗಟ್ಟಿ ಈ ಕಪ್ಪು ಕಲ್ಲಾಯಿತು. ಇಂದಿಗೂ ಅದು ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿಕೊಂಡಿದೆ. ನಮ್ಮ ಬೆಳಗಾವಿ, ವಿಜಯಪುರದ ಕಡೆಯ ಎರೆಮಣ್ಣೂ ಇದೇ ಕಲ್ಲು ಸವೆದು ಆದದ್ದು.

ಮೊದಲು ಇಳಿದದ್ದು ಸಿನ್ನರದ ಗಾರಗೋಟಿ ಖನಿಜ ಸಂಗ್ರಹಾಲಯದಲ್ಲಿ. ಗಾರಗೋಟಿ ಎಂದರೆ ನಮ್ಮ ಬೆಣಚುಕಲ್ಲು. ಗಾಜಿನ ಪೆಟ್ಟಿಗೆಯೊಳಗೆ ತಿಳಿಹಸಿರು ಅಪೊಫಿಲೈಟ್ ಕಂಡ ಮಗಳು, "ಇದಕ್ಕೆ ಬಣ್ಣ ಹಚ್ಚಿದ್ದಾರಾ ಅಮ್ಮ?" ಅಂದಳು. ಇಲ್ಲ, ಅದು ಬಿಸಿನೀರಿನ ಕೆಲಸ. ಲಾವಾ ಆರುವಾಗ ಒಳಗಿನ ಅನಿಲ ಗುಳ್ಳೆಗುಳ್ಳೆಯಾಗಿ ಸಿಕ್ಕಿಕೊಳ್ಳುತ್ತದೆ, ಸೆಟ್ ದೋಸೆಯ ತೂತುಗಳ ಹಾಗೆ. ಆಮೇಲೆ ಬಿರುಕುಗಳಲ್ಲಿ ಹರಿದ ಬಿಸಿನೀರು ಕಲ್ಲಿನ ಸಿಲಿಕಾ, ಕ್ಯಾಲ್ಸಿಯಂ ಕರಗಿಸಿ ತಂದು ಆ ಗೂಡುಗಳಲ್ಲಿ ಹರಳುಗಟ್ಟಿಸುತ್ತದೆ. ಜಿಯೋಲೈಟ್‌ಗಳು ಹುಟ್ಟಿದ್ದೂ ಹೀಗೆಯೇ. ಕಾಯಿಸಿದರೆ ನೊರೆಗುಟ್ಟುವ ಈ ಕಲ್ಲಿಗೆ 1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಟ್ 'ಕುದಿಯುವ ಕಲ್ಲು' ಎಂಬರ್ಥದ ಗ್ರೀಕ್ ಹೆಸರಿಟ್ಟ.

ನನ್ನನ್ನು ಕಾಡಿದ್ದು ಬೇರೆ ವಿಷಯ. ಈ ಹರಳುಗಳು ಬೆಳಕಿಗೆ ಬರುವುದು ಹೆಚ್ಚಾಗಿ ಬಾವಿ ತೋಡುವಾಗ, ಕ್ವಾರಿಯಲ್ಲಿ ಬಂಡೆ ಸಿಡಿಸುವಾಗ. ಯಾರದೋ ಕಣ್ಣಿಗೆ ಬಿದ್ದದ್ದು ಗಾಜಿನ ಪೆಟ್ಟಿಗೆ ಸೇರುತ್ತದೆ, ಬೀಳದ್ದು ಜಲ್ಲಿಯಾಗುತ್ತದೆ. ಮುಂದೆ ಸಮೃದ್ಧಿ ಮಹಾಮಾರ್ಗದಲ್ಲಿ ಕಾರು ನುಣ್ಣಗೆ ಓಡುವಾಗ, ಚಕ್ರದ ಕೆಳಗೆ ಎಷ್ಟು ಅಪೊಫಿಲೈಟ್ ಇದೆಯೋ ಅನ್ನಿಸಿತು.

ಎಲ್ಲೋರ ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ಅದೇ ಲಾವಾ, ಆದರೆ ಇಲ್ಲಿ ಕಲ್ಲು ಒಡೆದವರು ಬೇರೆ. ಎಂಟನೇ ಶತಮಾನದಲ್ಲಿ, ರಾಷ್ಟ್ರಕೂಟ ಒಂದನೇ ಕೃಷ್ಣನ ಕಾಲದಲ್ಲಿ, ಗುಡ್ಡದ ನೆತ್ತಿಯಿಂದ ಕೆಳಕ್ಕೆ ಕೊರೆಯುತ್ತ ಬಂದು ಸುಮಾರು 30 ಮೀಟರ್ ಎತ್ತರದ ಕೈಲಾಸವನ್ನು ಬಿಡಿಸಿದರು. ಉಳಿ ತಪ್ಪಿದರೆ ತೇಪೆ ಹಾಕಲು ಇನ್ನೊಂದು ಕಲ್ಲಿಲ್ಲ. ಸಾಫ್ಟ್‌ವೇರಿನವಳಾದ ನನಗೆ ಅದು ದಿಗಿಲು ಹುಟ್ಟಿಸುವ ಮಾತು; ನಮ್ಮ ಇಡೀ ಕಸುಬು ನಿಂತಿರುವುದೇ ತೇಪೆಯ ಮೇಲೆ. ಇದನ್ನು ಮುಗಿಸಿದ ಶಿಲ್ಪಿಯೇ, ತಾನು ಹೇಗೆ ಮಾಡಿದೆನೋ ಎಂದು ಬೆರಗಾದ ಎಂಬ ಅರ್ಥದ ಮಾತು ಕರ್ಕರಾಜನ ಬರೋಡ ತಾಮ್ರಪಟದಲ್ಲಿದೆ.

"ಹಾಗಾದರೆ ಇದು ನಮ್ಮದಾ?" ಮಗಳ ಪ್ರಶ್ನೆ. ಪುಣೆಯಲ್ಲೇ ಹುಟ್ಟಿ ಬೆಳೆದವಳು. ಕೃಷ್ಣನ ಮರಿಮಗ ಅಮೋಘವರ್ಷನ ಆಸ್ಥಾನದ ಕವಿರಾಜಮಾರ್ಗ ಕನ್ನಡನಾಡಿನ ಉತ್ತರದ ಗಡಿಯಾಗಿ ಗೋದಾವರಿಯನ್ನು ಹೇಳುತ್ತದೆ ಎಂದೆ. ಬೆಳಗ್ಗೆ ನಾಸಿಕದಲ್ಲಿ ಕಾಲು ತೊಳೆದ ಅದೇ ನದಿ.

ಅವಳು ಫೋನಿನ ನಕಾಶೆ ತೆಗೆದು ನೋಡಿದಳು. "ಎಲ್ಲೋರ ಗೋದಾವರಿಗಿಂತ ಮೇಲಿದೆಯಲ್ಲಮ್ಮ!" ಮತ್ತೆ ಬೆರಳಾಡಿಸಿ, "ಅದಕ್ಕೂ ಮೇಲೆ ಕನ್ನಡ್ ಅಂತ ಒಂದು ಊರೇ ಇದೆ, ನೋಡು."

ನಮ್ಮವರು ಆಗಲೇ ಕಾರಿನ ಕೀಲಿ ತೆಗೆದಿದ್ದರು.