ಓಟದ ಲೆಕ್ಕ
ಮೋಟಾರು ಪಂದ್ಯವೆಂದರೆ ವೇಗವೊಂದೇ ಎಂದು ಅನೇಕರು ಭಾವಿಸುವುದುಂಟು. ನನ್ನ ಮನಸ್ಸನ್ನಾದರೋ ಅದರ ಹಿಂದಿನ ಲೆಕ್ಕವೇ ಹೆಚ್ಚಾಗಿ ಸೆಳೆದಿದೆ. 1987ರಲ್ಲಿ ಆಸ್ಟ್ರೇಲಿಯದಲ್ಲಿ ಹುಟ್ಟಿದ ಮೋಟೆಕ್ ಸಂಸ್ಥೆಯ ‘ಐ2’ ತಂತ್ರಾಂಶವನ್ನು ನೋಡಿರಿ. ಕಾರು ಓಡುತ್ತಿರುವಾಗ ಅದರ ವೇಗ, ಬ್ರೇಕಿನ ಒತ್ತಡ, ಎಂಜಿನ್ನಿನ ಶಾಖ ಮೊದಲಾದುವನ್ನು ಯಂತ್ರವು ಸೆಕೆಂಡಿಗೆ ಹಲವು ಸಲ ದಾಖಲಿಸುತ್ತದೆ; ತಂತ್ರಾಂಶವು ಅವನ್ನು ಗೆರೆಗಳಾಗಿ ಬಿಡಿಸಿ, ಒಂದು ಸುತ್ತನ್ನು ಇನ್ನೊಂದರೊಡನೆ ಹೋಲಿಸಿ ತೋರಿಸುತ್ತದೆ. ಆದರೆ ಅಂದಿನ ಚಾಲಕನಾರು, ಟೈರು ಹೊಸದೊ ಹಳೆಯದೊ, ನೆಲವು ಒದ್ದೆಯಾಗಿತ್ತೊ ಎಂಬುದನ್ನು ಮನುಷ್ಯನೇ ಬರೆಯತಕ್ಕದ್ದು. ಬರೆಯದಿದ್ದರೆ, ಮಳೆಯು ಕಳೆದ ಎರಡು ಸೆಕೆಂಡುಗಳ ಅಪವಾದವನ್ನು ನಿರಪರಾಧಿಯಾದ ಚಾಲಕನು ಹೊರಬೇಕಾದೀತು. ತಾರೀಖಿಲ್ಲದ ಜಮಾಖರ್ಚಿನಿಂದ ಮನೆಗಳಲ್ಲಿ ಮನಸ್ತಾಪ ಹುಟ್ಟುವುದೂ ಹೀಗೆಯೇ ಅಲ್ಲವೆ? ಆದುದರಿಂದ, ಓಟ ಮುಗಿದೊಡನೆ, ನೆನಪು ಹಸಿಯಾಗಿರುವಾಗಲೇ ವಿವರವನ್ನು ಬರೆದಿಡುವುದನ್ನು ಚಾಲಕನಿಗೆ ಸಲ್ಲತಕ್ಕ ನ್ಯಾಯವೆಂದೇ ನಾನು ಎಣಿಸುತ್ತೇನೆ.