ಮ್ಯಾಕ್ ತಗೊಂಡ್ರೆ ವೈರಸ್ ಬರಲ್ವಾ?

ಮನೆಯಲ್ಲಿ ಒಬ್ಬರು ಸಾಫ್ಟ್‌ವೇರ್ ಕೆಲಸದಲ್ಲಿದ್ದರೆ ಸಾಕು, ಇಡೀ ಬಳಗಕ್ಕೆ ಅವರೇ ಕಂಪ್ಯೂಟರ್ ಡಾಕ್ಟರ್. ನಮ್ಮ ಬಳಗದಲ್ಲಿ ಆ ಪಟ್ಟ ನನಗೆ. ಪ್ರಿಂಟರ್ ಕೈಕೊಟ್ಟರೂ ನಾನೇ, ಫೋನ್ ಬಿಸಿಯಾದರೂ ನಾನೇ. ಮಕ್ಕಳು ಕಾಲೇಜು ಸೇರುವ ಸಮಯ ಬಂತೆಂದರೆ ಒಂದು ಪ್ರಶ್ನೆ ಖಾಯಂ: "ಮ್ಯಾಕ್ ತಗೊಂಡ್ರೆ ವೈರಸ್ಸೇ ಬರಲ್ವಂತೆ, ಹೌದಾ?" ಲಿನಕ್ಸ್ ಹೆಸರು ಕೇಳಿದವರು ಅದನ್ನೂ ಸೇರಿಸುತ್ತಾರೆ.

"ಬರುತ್ತೆ, ಆದರೆ ಕಡಿಮೆ" ಅನ್ನುವುದು ನನ್ನ ಉತ್ತರ. ಯಾಕೆ ಕಡಿಮೆ ಅಂತ ಗೊತ್ತಾದರೆ, ನಿಮ್ಮ ಹತ್ತಿರ ಯಾವ ಕಂಪ್ಯೂಟರ್ ಇದ್ದರೂ ಅದು ಉಪಯೋಗಕ್ಕೆ ಬರುತ್ತದೆ.

ಎಲ್ಲರೂ ಹೇಳುವ ಕಾರಣ, ಬಳಸುವವರ ಸಂಖ್ಯೆ. ಜೇಬುಗಳ್ಳ ಜಾತ್ರೆಗೆ ಹೋಗ್ತಾನೆಯೇ ಹೊರತು ಖಾಲಿ ಬೀದಿಗಲ್ಲ. ಮನೆ, ಆಫೀಸುಗಳ ಕಂಪ್ಯೂಟರುಗಳಲ್ಲಿ ಹೆಚ್ಚಿನವು ವಿಂಡೋಸ್, ಹಾಗಾಗಿ ವೈರಸ್ ಬರೆಯುವವರ ಕಣ್ಣೂ ಅದರ ಮೇಲೇ. ಆಪಲ್‌ಗೆ ವೈರಸ್ ಬರಲ್ಲ ಅನ್ನುವವರಿಗೆ ಒಂದು ಸಂಗತಿ: 1982ರಲ್ಲಿ ಫ್ಲಾಪಿಗಳ ಮೂಲಕ ಹರಡಿದ 'ಎಲ್ಕ್ ಕ್ಲೋನರ್' ಮನೆ ಕಂಪ್ಯೂಟರುಗಳ ಮೊಟ್ಟಮೊದಲ ವೈರಸ್‌ಗಳಲ್ಲಿ ಒಂದು. ಅದು ಅಂಟಿದ್ದು ಆಪಲ್ ಕಂಪ್ಯೂಟರುಗಳಿಗೇ! ಬರೆದವನು ಅಮೆರಿಕದ ಒಬ್ಬ ಶಾಲಾ ಹುಡುಗ.

ಆದರೆ ಸಂಖ್ಯೆಯೊಂದೇ ಕಾರಣವಲ್ಲ. ಇಂಟರ್ನೆಟ್ಟಿನ ಸರ್ವರುಗಳಲ್ಲಿ ಬಹುಪಾಲು ಲಿನಕ್ಸ್ ಮೇಲೇ ನಡೆಯುತ್ತವೆ. ಕಳ್ಳರಿಗೆ ಅಲ್ಲೇನೂ ಮಾಲು ಕಡಿಮೆ ಇಲ್ಲ. ಇನ್ನೊಂದು ಕಾರಣ, ಮನೆ ಕಟ್ಟಿದ ರೀತಿ.

ಮ್ಯಾಕ್ ಮತ್ತು ಲಿನಕ್ಸ್ ಎರಡೂ ಯುನಿಕ್ಸ್‌ನ ದಾರಿ ಹಿಡಿದವು. ಯುನಿಕ್ಸ್ ಹುಟ್ಟಿದ್ದು 1969ರಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ. ಒಂದು ಯಂತ್ರವನ್ನು ಹತ್ತಾರು ಜನ ಹಂಚಿಕೊಳ್ಳುತ್ತಿದ್ದ ಕಾಲ ಅದು. ನಮ್ಮ ಹಳೇ ವಠಾರದ ಹಾಗೆ ಅಂದುಕೊಳ್ಳಿ. ಪ್ರತಿ ಬಾಡಿಗೆದಾರರಿಗೆ ಅವರವರ ಬಾಗಿಲು, ಅವರವರ ಬೀಗ. ನೀರಿನ ಟ್ಯಾಂಕು, ಮೀಟರ್ ಬೋರ್ಡು ಮುಟ್ಟಬೇಕಾದರೆ ಮಾಲೀಕರ ಕೀಲಿ ಬೇಕು. ಒಂದು ಮನೆಗೆ ಕಳ್ಳ ನುಗ್ಗಿದರೂ ಇಡೀ ವಠಾರ ಅವನ ಕೈಗೆ ಸಿಗುವುದಿಲ್ಲ.

ವಿಂಡೋಸ್ ಮನೆಮನೆಗೆ ಬಂದದ್ದು ಡಾಸ್ ಮೇಲೆ ನಿಂತು. ಡಾಸ್ ಅಂದರೆ ಒಬ್ಬರೇ ಇರುವ ಮನೆ. ಒಳಕೋಣೆಗೆ ಬೀಗ ಯಾಕೆ? ಎಕ್ಸ್‌ಪಿ ಕಾಲಕ್ಕೆ ಬೀಗಗಳೇನೋ ಬಂದವು. ಆದರೆ ಹೆಚ್ಚಿನ ಮನೆಗಳಲ್ಲಿ ಎಲ್ಲರೂ ಮಾಲೀಕರ ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದರು. ಜೊತೆಗೆ ಪೆನ್ ಡ್ರೈವ್ ಚುಚ್ಚಿದ ತಕ್ಷಣ ಅದರಲ್ಲಿದ್ದ ಪ್ರೋಗ್ರಾಮನ್ನು ತಾನಾಗಿ ಓಡಿಸುವ ಸೌಕರ್ಯ ಬೇರೆ. ಜೆರಾಕ್ಸ್ ಅಂಗಡಿಯಿಂದ ರೆಸ್ಯೂಮೆ ಜೊತೆ ವೈರಸ್ಸನ್ನೂ ಮನೆಗೆ ತಂದವರಿಗೆ ಇದು ಚೆನ್ನಾಗಿ ನೆನಪಿರುತ್ತದೆ. ಆ ಬಾಗಿಲನ್ನು ಮೈಕ್ರೋಸಾಫ್ಟ್ 2011ರಲ್ಲಿ ಅಪ್‌ಡೇಟ್ ಕಳಿಸಿ ಮುಚ್ಚಿತು.

ಮೂರನೆಯ ಕಾರಣವೇ ನನಗೆ ಮುಖ್ಯವಾಗಿ ಕಾಣುವುದು: ಸಾಫ್ಟ್‌ವೇರ್ ಎಲ್ಲಿಂದ ತರುತ್ತೀವಿ ಅನ್ನೋದು. ಲಿನಕ್ಸ್ ಬಳಸುವವರು ಬಹುತೇಕ ಎಲ್ಲವನ್ನೂ ಒಂದೇ ನಂಬಿಕೆಯ ಭಂಡಾರದಿಂದ ಇಳಿಸಿಕೊಳ್ಳುತ್ತಾರೆ. ವಿಂಡೋಸ್‌ನಲ್ಲಿ ನಮಗೆ ಅಭ್ಯಾಸವಾಗಿದ್ದು ಗೂಗಲ್‌ನಲ್ಲಿ ಹುಡುಕಿ, ಕಂಡ ಸೈಟಿನಿಂದ ತಂದು ಹಾಕುವುದು.

ಹಾಸನದ ಕಡೆ ನನ್ನ ಗೆಳೆಯನದೊಂದು ಫೋಟೋ ಸ್ಟುಡಿಯೋ ಇದೆ. ಅಲ್ಲಿ ಕೆಲಸಕ್ಕಿದ್ದ ಹುಡುಗ ದುಬಾರಿ ಎಡಿಟಿಂಗ್ ಸಾಫ್ಟ್‌ವೇರಿನ ಕ್ರ್ಯಾಕ್ ಇಳಿಸಿದ. 'ಮೊದಲು ಆಂಟಿವೈರಸ್ ಆಫ್ ಮಾಡಿ' ಅಂತ ಅದರಲ್ಲೇ ಬರೆದಿತ್ತು, ಮಾಡಿದ. ಎರಡು ದಿನ ಬಿಟ್ಟು ನೋಡಿದರೆ ಒಂದು ಫೋಟೋನೂ ತೆರೆಯುತ್ತಿಲ್ಲ. ದುಡ್ಡು ಕೊಟ್ಟರೆ ಬಿಡಿಸಿಕೊಡ್ತೀವಿ ಅನ್ನೋ ನೋಟೀಸು ಮಾತ್ರ. ಇನ್ನೂ ಆಲ್ಬಮ್ ಆಗದ ಹನ್ನೊಂದು ಮದುವೆಗಳು ಅದರಲ್ಲಿದ್ದವು. ಮುಂಗಡ ವಾಪಸ್ ಕೊಡಬಹುದು, ಧಾರೆ ಮತ್ತೆ ಎರೆಸೋಕಾಗುತ್ತಾ? ಒಂದು ಮನೆಯ ಅಜ್ಜಿ ಮದುವೆಯಾದ ತಿಂಗಳಿಗೇ ತೀರಿಕೊಂಡಿದ್ದರು. ಮೊಮ್ಮಗಳಿಗೆ ಅಕ್ಷತೆ ಹಾಕುತ್ತಿದ್ದ ಅವರ ಕೊನೆಯ ಫೋಟೋ ಅಲ್ಲೇ ಹೋಯಿತು. ಆ ಮನೆಯವರು ಬೈಯಲಿಲ್ಲವಂತೆ, ಸುಮ್ಮನೆ ಎದ್ದು ಹೋದರಂತೆ. ಬೈದಿದ್ದರೇ ವಾಸಿಯಿತ್ತು ಅಂತಾನೆ ಗೆಳೆಯ.

ಅಲ್ಲಿ ಮ್ಯಾಕ್ ಇದ್ದಿದ್ದರೆ? ಅದಕ್ಕೂ ಕ್ರ್ಯಾಕ್‌ಗಳಿವೆ, ಪಾಸ್‌ವರ್ಡ್ ಕೇಳಿದರೆ ಕೊಡುವ ಕೈಗಳೂ ಇವೆ. 2012ರಲ್ಲಿ 'ಫ್ಲ್ಯಾಶ್‌ಬ್ಯಾಕ್' ಅನ್ನೋದು 6 ಲಕ್ಷ ಮ್ಯಾಕ್‌ಗಳಿಗೆ ಅಂಟಿತ್ತು. 2016ರಲ್ಲಿ 'ಮಿರಾಯ್' ಲಿನಕ್ಸ್ ಇರುವ ಕ್ಯಾಮೆರಾ, ರೌಟರುಗಳನ್ನೇ ಹುಡುಕಿ ಹಿಡಿಯಿತು. ಅವುಗಳಲ್ಲಿ ಕಂಪನಿ ಇಟ್ಟ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ. ವಿಂಡೋಸ್ ಕೂಡ ಈಗ ಹಳೆಯ ವಿಂಡೋಸ್ ಅಲ್ಲ. ಕೇಳಿಯೇ ಒಳಗೆ ಬಿಡುತ್ತದೆ, ಆಂಟಿವೈರಸ್ಸೂ ಅದರಲ್ಲೇ ಇದೆ. 2017ರ ಮೇ ತಿಂಗಳಲ್ಲಿ 'ವಾನಾಕ್ರೈ' ಜಗತ್ತನ್ನು ನಡುಗಿಸಿತಲ್ಲ, ಅದನ್ನು ತಡೆಯುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. 'ಆಮೇಲೆ ನೆನಪಿಸು' ಒತ್ತಿದವರು ಎಷ್ಟೋ.

ಈಗ ಜಾತ್ರೆ ನಡೆಯುತ್ತಿರುವುದು ನಮ್ಮ ಜೇಬಿನ ಫೋನಿನಲ್ಲಿ. ಆಂಡ್ರಾಯ್ಡ್‌ನ ತಿರುಳು ಲಿನಕ್ಸೇ, ಪ್ರತಿ ಆ್ಯಪ್‌ಗೂ ಪ್ರತ್ಯೇಕ ಕೋಣೆ. ಗೋಡೆ ಗಟ್ಟಿ ಇರುವುದರಿಂದಲೇ ಕಳ್ಳ ಈಗ ಮದುವೆ ಕರೆಯೋಲೆ ಹಿಡಿದು ಬಾಗಿಲು ತಟ್ಟುತ್ತಾನೆ. ವಾಟ್ಸಾಪ್‌ನಲ್ಲಿ ಬರುವ ಆ 'ಆಮಂತ್ರಣ'ದ ಹೆಸರಿನ ಕೊನೆಯಲ್ಲಿ ಎಪಿಕೆ ಅಂತಿದ್ದರೆ ಅದು ಪತ್ರಿಕೆಯಲ್ಲ, ಆ್ಯಪ್. ಒಳಗೆ ಬಿಟ್ಟು, ಕೇಳಿದ ಅನುಮತಿಯನ್ನೆಲ್ಲ ಕೊಟ್ಟರೆ ಬ್ಯಾಂಕಿನ ಓಟಿಪಿಯನ್ನೂ ಓದುತ್ತದೆ.

ಹಾಗಾಗಿ ಲ್ಯಾಪ್‌ಟಾಪ್ ಯಾವುದು ಅಂತ ಕೇಳಿದವರಿಗೆ ನಿಮ್ಮ ಕೆಲಸ, ಬಜೆಟ್ ನೋಡಿಕೊಂಡು ತಗೊಳ್ಳಿ ಅಂತೀನಿ. ಜೊತೆಗೆ ಮೂರು ಮಾತು: ಅಪ್‌ಡೇಟ್ ಮುಂದೂಡಬೇಡಿ. ಆ್ಯಪ್ ಸ್ಟೋರ್ ಅಥವಾ ತಯಾರಿಸಿದ ಕಂಪನಿಯ ಸೈಟು ಬಿಟ್ಟು ಬೇರೆಲ್ಲಿಂದಲೂ ಏನನ್ನೂ ಹಾಕಿಕೊಳ್ಳಬೇಡಿ. ಮನೆಯ ಫೋಟೋಗಳ ಒಂದು ಪ್ರತಿಯನ್ನು ಹಾರ್ಡ್ ಡಿಸ್ಕಿಗೆ ಹಾಕಿ, ವೈರ್ ಬಿಚ್ಚಿ ಬೀರುವಿನಲ್ಲಿಡಿ. ಮೂರನೆಯದನ್ನು ಈ ಭಾನುವಾರವೇ ಮಾಡಿ.